ಹಸೆ, ಕಸೂತಿ ಮತ್ತು ಕಲೆ–ಕಸಬುಗಳ ಎಲ್ಲೆ

ಅಲಂಕರಣವನ್ನು ಕಲೆಯೆಂದು ಗಣಿಸಬೇಕೋ ಕಸಬೆಂದು ಗಣಿಸಬೇಕೋ ಎಂಬ ಪ್ರಶ್ನೆಯು ಕಲಾವಿಚಾರದಲ್ಲಿ ಬಹಳ ಹಳೆಯದು. ಚಿತ್ರ, ಪ್ರತಿಮಾಶಿಲ್ಪ, ಸಂಗೀತ, ಕಾವ್ಯಗಳಿಗೆ ಲಲಿತಕಲೆಗಳೆಂಬ ಹೆಸರನ್ನಿತ್ತು ಎತ್ತರದ ಮಣೆ ಹಾಕುವುದು, ಹೊಲಿಗೆ, ನೇಯ್ಗೆ, ರಂಗವಲ್ಲಿ, ಮರಗೆಲಸ ಮೊದಲಾದವನ್ನು ಕೈಗೆಲಸವೆಂದು ಬೇರೊಂದು ಪಂಕ್ತಿಯಲ್ಲಿ ಕುಳ್ಳಿರಿಸುವುದು, ಇದು ಇಂದಿನ ಪಠ್ಯಗ್ರಂಥಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ರೂಢವಾಗಿರುವ ಕ್ರಮ. ಈ ವಿಭಾಗವು ವಸ್ತುಗಳ ಸ್ವಭಾವದಲ್ಲಿಯೇ ಇದೆಯೋ, ಅಥವಾ ನೋಡುವವರು ಹೊರಗಿನಿಂದ ತಂದು ಹೇರಿದುದೋ ಎಂಬುದನ್ನು ತತ್ತ್ವದ ಮಾತಿನಿಂದಷ್ಟೇ ತೀರ್ಮಾನಿಸಲು ಬಾರದು. ಒಂದು ನಾಡಿನ ಅಲಂಕರಣವನ್ನು ಕಣ್ಣೆದುರಿಗಿಟ್ಟುಕೊಂಡು, ಅದು ಹೇಗೆ ಹುಟ್ಟುತ್ತದೆ, ಯಾರ ಕೈಯಿಂದ ಬರುತ್ತದೆ, ಯಾವ ಸ್ಥಳವನ್ನು ಸೇರುತ್ತದೆ ಎಂಬುದನ್ನು ನೋಡಿಯೇ ಹೇಳಬೇಕು.

ಇಂತಹ ಪರೀಕ್ಷೆಗೆ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಷ್ಟು ಅನುಕೂಲವಾದ ನೆಲ ಅಪರೂಪ. ಕಿತ್ತೂರಿನ ಸಮೀಪದ ದೇಗಾಂವದಲ್ಲಿ ಗೋವೆಯ ಕದಂಬರ ಕಾಲದ ಕಮಲನಾರಾಯಣ ಗುಡಿಯಿದೆ. ೧೮೨೪ರ ಯುದ್ಧದ ತರುವಾಯ ಹಾಳಾದ ಕಿತ್ತೂರಿನ ಅರಮನೆಯ ಅವಶೇಷಗಳು ಕೋಟೆಯಲ್ಲಿವೆ. ಕೆತ್ತನೆಯ ಮರದ ಬಾಗಿಲು ಕಿಟಕಿಗಳು ಅಲ್ಲಿಯ ವಸ್ತುಸಂಗ್ರಹಾಲಯವನ್ನು ಸೇರಿವೆ. ೧೮೨೯ರಲ್ಲಿ ರಾಣಿ ಚೆನ್ನಮ್ಮನು ಸೆರೆಯಲ್ಲಿ ದೇಹವಿಟ್ಟ ಬೈಲಹೊಂಗಲವು ಹತ್ತಿಯ ಪೇಟೆಯೆಂದು ಹೆಸರಾದುದು. ರಾಮದುರ್ಗವು ಮಗ್ಗದ ಊರು. ಸವದತ್ತಿಯ ಕೋಟೆಯಲ್ಲಿ ಹಸೆಯ ವಿನ್ಯಾಸಗಳು ಕಲ್ಲಿಗೆ ಏರಿವೆ. ಈ ಎಲ್ಲ ಊರುಗಳ ಮನೆಗಳಲ್ಲಿ ಹೊಸ್ತಿಲ ಮುಂದೆ ರಂಗವಲ್ಲಿಯಿದ್ದರೆ ಪೆಟ್ಟಿಗೆಯೊಳಗಿನ ಸೀರೆಯ ಸೆರಗಿನಲ್ಲಿ ಕಸೂತಿಯಿದೆ. ಹೀಗೆ ಒಂದೇ ಅಲಂಕರಣಬುದ್ಧಿಯು ನೆಲ, ಬಟ್ಟೆ, ಮರ, ಕಲ್ಲುಗಳಲ್ಲಿ ಸಂಚರಿಸುವುದನ್ನು ಒಂದು ದಿನದ ಪ್ರಯಾಣದೊಳಗೆ ನೋಡಬಹುದಾಗಿದೆ.

ಇವುಗಳಲ್ಲಿ ಮೊದಲು ವಿಚಾರಿಸತಕ್ಕುದು ಸವದತ್ತಿಯದು. ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿ ದೇಸಾಯರ ಮನೆತನದವರು ಕಟ್ಟಿಸಿದ ಈ ಕೋಟೆಗೆ ಎಂಟು ಕೊತ್ತಲಗಳು. ನಡುವೆ ಕಾಡಸಿದ್ಧೇಶ್ವರನ ಗುಡಿ; ಅದನ್ನು ಸುತ್ತುವರಿದು ನಾಲ್ಕು ಕೊತ್ತಲಗಳು. ಇಲ್ಲಿ ಸುಮಾರು ೨೦೦ ಅಲಂಕರಣ ವಿನ್ಯಾಸಗಳನ್ನು ಕೆತ್ತಿದ್ದಾರೆ. ಕೆಲವಕ್ಕೆ ಬಣ್ಣವೂ ಉಂಟು. ಇವಕ್ಕೆ ಹಸೆಯೆಂದೇ ಹೆಸರು. ದೇವತೆಯ ಮೂರ್ತಿಯಾಗಲಿ ಪುರಾಣದ ಕಥೆಯಾಗಲಿ ಇವುಗಳ ವಸ್ತುವಲ್ಲ. ಗೆರೆಯು ಗೆರೆಯನ್ನು ಕೂಡಿ, ಮುರಿದು, ತಿರುಗಿ, ಒಂದು ಕ್ಷೇತ್ರವನ್ನು ತುಂಬುವುದೇ ಇಲ್ಲಿಯ ವ್ಯಾಪಾರ. ಶಿಲ್ಪವೆಂದರೆ ಮೂರ್ತಿ, ಮೂರ್ತಿಯೆಂದರೆ ಭಾವ ಎಂಬ ಸೂತ್ರವನ್ನು ಹಿಡಿದು ಬಂದ ಪ್ರೇಕ್ಷಕನಿಗೆ ಇವು ಗೋಡೆಯ ಅಂದಕ್ಕಾಗಿ ಮಾಡಿದ ತುಂಬುಗೆಲಸವೆಂದು ತೋರುವುದು ಸಹಜ. ಹಾಗಾದರೆ ಇನ್ನೂರು ಬಗೆ ಏತಕ್ಕೆ? ತುಂಬುವುದೊಂದೇ ಉದ್ದೇಶವಾಗಿದ್ದರೆ ನಾಲ್ಕಾರು ವಿನ್ಯಾಸಗಳನ್ನು ಮರಳಿ ಮರಳಿ ಕೆತ್ತಿದ್ದರೆ ಸಾಕಾಗಿತ್ತು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಬೇರೆಯಾಗಿ ಮಾಡಬೇಕೆಂಬ ಹಟವು ಕೂಲಿಯ ಲೆಕ್ಕದಿಂದ ಹುಟ್ಟುವುದಲ್ಲ. ಅದು ಒಂದು ನಿಘಂಟನ್ನು ಕಟ್ಟುವ ಬುದ್ಧಿ.

ಹಸೆಯೆಂಬ ಮಾತು ಗಮನಿಸತಕ್ಕುದು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಸ್ಥಳವೂ ಹಸೆ. ಆ ಸ್ಥಳದಲ್ಲಿ ಬರೆದ ವಿನ್ಯಾಸವೂ ಹಸೆ. ಮಲೆನಾಡಿನಲ್ಲಿ ಗೋಡೆಯ ಮೇಲೆ ಬರೆಯುವ ಚಿತ್ತಾರಕ್ಕೂ ಈ ಹೆಸರೇ ಸಂದಿದೆ. ಸ್ಥಳವನ್ನೂ ರೇಖೆಯನ್ನೂ ಒಂದೇ ಶಬ್ದವು ಹೇಳುವುದರಿಂದ, ಜನರ ಭಾವನೆಯಲ್ಲಿ ಬರೆವಣಿಗೆಯು ಸ್ಥಳಕ್ಕೆ ಹಚ್ಚಿದ ಸೊಗಸಲ್ಲವೆಂದು ತಿಳಿಯುತ್ತದೆ. ಬರೆದ ಮೇಲೆಯೇ ಅದು ಸ್ಥಳವಾಗುವುದು. ಅದಕ್ಕೆ ಮೊದಲು ಬರಿಯ ನೆಲ. ಐತರೇಯ ಬ್ರಾಹ್ಮಣವು ಶಿಲ್ಪಗಳನ್ನು ಆತ್ಮಸಂಸ್ಕಾರವೆಂದು ಬಗೆಯುತ್ತದೆ. ಹಸೆಯು ಆ ಮಾತಿನ ಗೃಹ್ಯರೂಪವೆಂದರೆ ತಪ್ಪಾಗದು: ಅದು ನೆಲದ ಸಂಸ್ಕಾರ.

ನಮ್ಮ ದೇಶದ ಹಳೆಯ ಗಣನೆಗಳು ಇಂದಿನ ವಿಭಾಗವನ್ನು ಬೆಂಬಲಿಸುವುದಿಲ್ಲ. ವಾತ್ಸ್ಯಾಯನನು ಕೊಟ್ಟ ಅರುವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯ, ಆಲೇಖ್ಯಗಳಿರುವಂತೆಯೇ ಅಕ್ಕಿ ಹೂವುಗಳಿಂದ ನೆಲದಲ್ಲಿ ವಿನ್ಯಾಸ ಮಾಡುವುದೂ ಸೂಜಿಯ ಕೆಲಸವೂ ಇವೆ. ಸಾಲಿನಲ್ಲಿ ಹಿಂದುಮುಂದಿದೆಯೇ ಹೊರತು ಮೇಲುಕೀಳಿಲ್ಲ. ಕನ್ನಡದಲ್ಲಿ ಕಲೆಯೆಂಬ ಶಬ್ದಕ್ಕೆ ಬಟ್ಟೆಗೆ ಅಥವಾ ಮೈಗೆ ಅಂಟಿದ ಗುರುತೆಂಬ ಅರ್ಥವೂ ಉಂಟು. ಕಸಬೆಂಬುದು ಅರಬ್ಬೀ ಮೂಲದಿಂದ ಬಂದು ಉದ್ಯೋಗವೆಂಬ ಅರ್ಥದಲ್ಲಿ ನೆಲೆಸಿತು. ಕಲೆಯು ಮಾಡಿದುದರ ಗುರುತನ್ನು ನೋಡುತ್ತದೆ, ಕಸಬು ಮಾಡಿ ಬದುಕುವುದನ್ನು ನೋಡುತ್ತದೆ. ಒಂದೇ ಕೆಲಸವನ್ನು ಎರಡು ಕಡೆಯಿಂದ ಹೇಳುವ ಮಾತುಗಳಿವು. ಎರಡು ಬೇರೆ ಕೆಲಸಗಳಿಗೆ ಇಟ್ಟ ಹೆಸರುಗಳಲ್ಲ.

ಹಾಗಾದರೆ ಎಲ್ಲೆಯು ಎಲ್ಲಿಂದ ಬಂದಿತು? ಯೂರೋಪಿನಲ್ಲಿ ಅದಕ್ಕೆ ಒಂದು ಚರಿತ್ರೆಯಿದೆ. ಚಿತ್ರಕಾರರೂ ಶಿಲ್ಪಿಗಳೂ ತಮ್ಮ ಕೆಲಸವು ಕೈಯ ದುಡಿಮೆಯಲ್ಲ, ಬುದ್ಧಿಯ ಕಾರ್ಯವೆಂದು ಸ್ಥಾಪಿಸಬೇಕಾದಾಗ ಅವರಿಗೆ ಆಧಾರವಾಗಿ ಒದಗಿದುದು ರೇಖಾಚಿತ್ರ, ಎಂದರೆ ಕೆಲಸಕ್ಕೆ ಮೊದಲು ಮನಸ್ಸಿನಲ್ಲಿಯೂ ಕಾಗದದಲ್ಲಿಯೂ ಮೂಡುವ ರಚನೆ. ೧೫೬೩ರಲ್ಲಿ ಫ್ಲಾರೆನ್ಸ್ ನಗರದಲ್ಲಿ ವಸಾರಿಯ ಪ್ರಯತ್ನದಿಂದ ಹುಟ್ಟಿದ ವಿದ್ಯಾಪೀಠವು ತನ್ನ ಹೆಸರಿನಲ್ಲಿಯೇ ಈ ರೇಖಾರಚನೆಯ ತತ್ತ್ವವನ್ನು ಧರಿಸಿತು. ರಚಿಸುವವನು ಕಲಾವಿದ, ರಚಿಸಿದುದನ್ನು ಕಲ್ಲಿನಲ್ಲಿಯೋ ನೂಲಿನಲ್ಲಿಯೋ ನೆರವೇರಿಸುವವನು ಕುಶಲಿ, ಎಂಬ ಭೇದಕ್ಕೆ ಅಲ್ಲಿಂದ ಬಲ ಬಂದಿತು. ಈ ಭೇದದ ಮೂಲದಲ್ಲಿರುವ ಭಾವನೆಯೊಂದೇ: ರಚನೆಯು ಮೊದಲು, ಕೆಲಸವು ಆಮೇಲೆ.

ಈ ಅಳತೆಗೋಲನ್ನು ಕಸೂತಿಯ ಪಕ್ಕದಲ್ಲಿಟ್ಟು ನೋಡಿದರೆ ಅದು ನಿಲ್ಲುವುದಿಲ್ಲ. ಧಾರವಾಡ ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು ಇಳಕಲ್ಲಿನ ಸೀರೆಯ ಮೇಲೆ, ಕರಿಯ ಚಂದ್ರಕಾಳಿಯ ಮೇಲೆ, ಕುಪ್ಪಸ ಕುಂಚಿಗೆಗಳ ಮೇಲೆ ಹಾಕಿದ ಕಸೂತಿಗೆ ಮುಂಚಿತವಾಗಿ ಬರೆದುಕೊಂಡ ಚಿತ್ರವೆಂಬುದಿರಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿಯನ್ನು ಇಳಿಸುವುದೇ ಅದರ ಕ್ರಮ. ಗೋಪುರ, ತೇರು, ತುಳಸೀಕಟ್ಟೆ, ಆನೆ, ನವಿಲು, ಗಿಳಿ, ಕಮಲ ಇವೆಲ್ಲವೂ ಎಣಿಕೆಯಿಂದಲೇ ಮೈದಾಳುತ್ತವೆ. ಹೊಲಿಗೆಗಳು ನಾಲ್ಕು ತೆರ: ಗಾವಂತಿ, ಮುರಗಿ, ನೇಗಿ, ಮೆಂತೆ. ಗಾವಂತಿಯಲ್ಲಿ ಸೂಜಿಯು ಒಂದು ಎಡೆಯನ್ನು ತುಂಬಿ ಒಂದು ಎಡೆಯನ್ನು ಬಿಟ್ಟು ಮುಂದುವರಿದು, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಮುರಗಿಯು ಮೆಟ್ಟಿಲು ಮೆಟ್ಟಿಲಾಗಿ ಮುರಿದು ನಡೆಯುತ್ತದೆ. ನೇಗಿಯು ನೇಯ್ದಂತೆ ಕಾಣುತ್ತದೆ. ಮೆಂತೆಯಲ್ಲಿ ಎರಡು ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂತಿ ಮುರಗಿಗಳಲ್ಲಿ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಆಗಿರಬೇಕು.

ಈ ಕೊನೆಯ ನಿಯಮದಲ್ಲಿ ಅಡಗಿರುವ ಬುದ್ಧಿಯ ಕೆಲಸವನ್ನು ವಿಮರ್ಶಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಾವಂತಿಯಲ್ಲಿ ಆಕೃತಿಯ ಪ್ರತಿಯೊಂದು ಗೆರೆಯನ್ನೂ ಸೂಜಿಯು ಎರಡು ಸಲ ಹಾದುಹೋಗಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಕವಲೊಡೆದ ಕೊಂಬೆಯೊಂದು ಬಂದರೆ ಅದರ ತುದಿಯವರೆಗೆ ಹೋಗಿ ಮರಳಿ, ಮೂಲದ ದಾರಿಯನ್ನು ಸೇರಿ, ಮುಂದಿನ ಕವಲನ್ನು ಹಿಡಿಯಬೇಕು. ಎಲ್ಲಿ ತಿರುಗಬೇಕೆಂಬುದನ್ನು ತಪ್ಪಿದರೆ ಹೊರಮೈ ನೆಟ್ಟಗಿದ್ದರೂ ಒಳಮೈಯಲ್ಲಿ ಅದು ಬಯಲಾಗುತ್ತದೆ. ಆದುದರಿಂದ ಹೊಲಿಯುವವಳು ಆಕೃತಿಯನ್ನು ಮಾತ್ರವಲ್ಲ, ಆಕೃತಿಯೊಳಗಿನ ಯಾತ್ರೆಯನ್ನೂ ಮನಸ್ಸಿನಲ್ಲಿ ಧರಿಸಿರಬೇಕಾಗುತ್ತದೆ. ಇಲ್ಲಿ ರಚನೆಯು ಮೊದಲು, ಕೆಲಸ ಆಮೇಲೆ ಎಂಬ ಕ್ರಮವೇ ಇಲ್ಲ, ಕೆಲಸವೇ ರಚನೆ. ರಂಗವಲ್ಲಿಯೂ ಹಾಗೆಯೇ. ಚುಕ್ಕೆಯನ್ನಿಡುವ ಬೆರಳೂ, ಚುಕ್ಕೆಗಳ ನಡುವೆ ಗೆರೆಯನ್ನು ಹರಿಯಬಿಡುವ ಬುದ್ಧಿಯೂ ಒಬ್ಬಳವೇ, ಒಂದೇ ಗಳಿಗೆಯವು.

ಗಾವಂತಿಗೆ ಸಮಾನವಾದ ಹೊಲಿಗೆಯು ಯೂರೋಪಿನಲ್ಲಿಯೂ ಉಂಟು. ಅದಕ್ಕೆ ಅಲ್ಲಿ ಹೋಲ್ಬೈನ್ ಹೊಲಿಗೆಯೆಂದು ಹೆಸರು. ಹೋಲ್ಬೈನನು ಸೂಜಿ ಹಿಡಿದವನಲ್ಲ. ಹದಿನಾರನೆಯ ಶತಮಾನದ ಚಿತ್ರಕಾರ. ತಾನು ಬರೆದ ಭಾವಚಿತ್ರಗಳಲ್ಲಿ ಗಣ್ಯರ ಕೊರಳಪಟ್ಟಿ ತೋಳಪಟ್ಟಿಗಳ ಮೇಲಿನ ಆ ಹೊಲಿಗೆಯನ್ನು ನಿಷ್ಕೃಷ್ಟವಾಗಿ ಚಿತ್ರಿಸಿದನೆಂಬುದೇ ಅವನ ಹೆಸರು ಅದಕ್ಕೆ ಅಂಟಲು ಕಾರಣ. ಹೊಲಿದವಳ ಹೆಸರು ಅಳಿದು, ಹೊಲಿದುದನ್ನು ನೋಡಿ ಬರೆದವನ ಹೆಸರು ಹೊಲಿಗೆಗೇ ನಿಂತಿತು. ಕಲೆ ಕಸಬುಗಳ ಎಲ್ಲೆಯು ವಸ್ತುವನ್ನು ಹಿಡಿದು ಹೋಗದೆ ಮರ್ಯಾದೆಯನ್ನು ಹಿಡಿದು ಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಕಸೂತಿಗೂ ಸವದತ್ತಿಯ ಹಸೆಗಳಿಗೂ ಸಂಬಂಧವುಂಟೆಂದು ಹೇಳುವಾಗ ಎಚ್ಚರವು ಅವಶ್ಯ. ಚೌಕುಳಿಯ ಮೇಲೆ ಎಣಿಸಿ ಮಾಡಿದ ವಿನ್ಯಾಸಗಳೆಲ್ಲವೂ ಎಲ್ಲ ದೇಶಗಳಲ್ಲಿಯೂ ಸ್ವಲ್ಪಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಹೋಲಿಕೆಯೊಂದರಿಂದಲೇ ಜನ್ಯಜನಕ ಭಾವವನ್ನು ಸಾಧಿಸಲಾಗದು. ಜರ್ಮನಿಯ ಸೆಂಪರನು ರೇಖಾವಿನ್ಯಾಸಗಳು ನೇಯ್ಗೆ ಹೆಣಿಗೆಗಳ ತಾಂತ್ರಿಕ ನಿರ್ಬಂಧದಿಂದಲೇ ಹುಟ್ಟಿದುವೆಂದು ಪ್ರತಿಪಾದಿಸಿದನೆಂದು ಅವನ ಅನುಯಾಯಿಗಳು ತಿಳಿದರು. ಆಸ್ಟ್ರಿಯದ ರೀಗ್ಲನು ೧೮೯೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆ ವಾದವನ್ನು ಖಂಡಿಸಿ, ವಿನ್ಯಾಸಕ್ಕೆ ಕಾರಣವು ಉಪಕರಣವಲ್ಲ, ಕಲಾಪ್ರವೃತ್ತಿಯೆಂದನು. ಸವದತ್ತಿಯ ಗೋಡೆಯು ಈ ವಾದದಲ್ಲಿ ಸಾಕ್ಷಿಯಾಗಿ ನಿಲ್ಲಬಲ್ಲುದು. ಬಟ್ಟೆಯಲ್ಲಿ ಎಳೆಗಳಿವೆ, ಆದುದರಿಂದ ಸೂಜಿಯು ಮೆಟ್ಟಿಲಾಗಿ ನಡೆಯಲೇಬೇಕು. ಕಲ್ಲಿನಲ್ಲಿ ಎಳೆಯಿಲ್ಲ, ಚುಕ್ಕೆಯಿಲ್ಲ. ಉಳಿಯು ಬೇಕಾದ ಕಡೆಗೆ ತಿರುಗಬಲ್ಲುದು. ಇದೇ ಸೀಮೆಯ ದೇಗಾಂವದ ಗುಡಿಯಲ್ಲಿ ಕಲ್ಲು ಕಮಲವಾಗಿ ಅರಳಿದೆ. ಹಾಗಿದ್ದೂ ಸವದತ್ತಿಯ ಶಿಲ್ಪಿಗಳು ರೇಖೆಯ ಕಟ್ಟನ್ನು ಆರಿಸಿಕೊಂಡರು. ನಿರ್ಬಂಧವು ಇಲ್ಲದೆಡೆಯಲ್ಲಿಯೂ ಸ್ವೀಕರಿಸಿದ ಕಟ್ಟು ನಿರ್ಬಂಧವಲ್ಲ, ಛಂದಸ್ಸು.

ಛಂದಸ್ಸಿನ ಮಾತು ಬಂದುದರಿಂದ, ಅಲಂಕರಣದ ಮೇಲೆ ಹೊರಿಸುವ ಮುಖ್ಯವಾದ ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳಬಹುದು. ಅದೇನೆಂದರೆ, ಅಲಂಕರಣವು ಪುನರಾವೃತ್ತಿ. ಪುನರಾವೃತ್ತಿಯಲ್ಲಿ ಪ್ರತಿಭೆಗೆ ಎಡೆಯಿಲ್ಲ. ಕನ್ನಡ ಕಾವ್ಯವನ್ನು ಬಲ್ಲವರು ಈ ಆಕ್ಷೇಪವನ್ನು ಒಪ್ಪಲಾರರು. ಭಾಮಿನೀ ಷಟ್ಪದಿಯ ಪ್ರತಿಯೊಂದು ಪದ್ಯದಲ್ಲಿಯೂ ಮೂರು ನಾಲ್ಕು ಮಾತ್ರೆಗಳ ಗಣಗಳು ಗೊತ್ತಾದ ಕ್ರಮದಲ್ಲಿ ಬರುತ್ತವೆ. ಮೊದಲನೆಯ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳಿಗೆ ೧೪ ಮಾತ್ರೆ, ಮೂರನೆಯ ಆರನೆಯ ಸಾಲುಗಳಿಗೆ ೨೩, ಒಟ್ಟು ೧೦೨. ಪ್ರಾಸದ ಸ್ಥಾನವೂ ನಿಶ್ಚಿತ. ಕುಮಾರವ್ಯಾಸನು ಸಾವಿರಾರು ಸಲ ಈ ಎಣಿಕೆಯನ್ನು ಎಣಿಸಿದನು. ಎಣಿಸಿದನೆಂಬ ಕಾರಣಕ್ಕೆ ಅವನನ್ನು ಯಾರೂ ಕಸಬುದಾರನೆನ್ನುವುದಿಲ್ಲ. ಎಣಿಕೆಯು ಒಂದೇ ಇದ್ದು ನಡಿಗೆಯು ಪ್ರತಿಸಲವೂ ಬೇರೆಯಾಗುವುದನ್ನೇ ಅವನ ಪ್ರತಿಭೆಯೆಂದು ಕೊಂಡಾಡುತ್ತಾರೆ. ಮಾತ್ರೆಯನ್ನೆಣಿಸಿದವನಿಗೆ ಸಲ್ಲುವ ನ್ಯಾಯವು ಎಳೆಯನ್ನೆಣಿಸಿದವಳಿಗೆ ಸಲ್ಲದಿರಲು ಕಾರಣವಿಲ್ಲ.

ಎರಡನೆಯ ಆಕ್ಷೇಪವು ನಮ್ಮ ಆಲಂಕಾರಿಕರ ಕಡೆಯಿಂದಲೇ ಬರಬಹುದು. ಆನಂದವರ್ಧನನು ವ್ಯಂಗ್ಯರಹಿತವಾದ ಚಿತ್ರಕಾವ್ಯವನ್ನು ಕಾವ್ಯದ ಅನುಕರಣವೆಂದನು. ಮಮ್ಮಟನು ಅದನ್ನು ಕೊನೆಯ ತರಗತಿಯಲ್ಲಿಟ್ಟನು. ಅಕ್ಷರಗಳನ್ನು ಪದ್ಮವಾಗಿಯೋ ಗೋಮೂತ್ರಿಕೆಯಾಗಿಯೋ ಜೋಡಿಸುವುದು ಚಾತುರ್ಯವೇ ಹೊರತು ರಸವಲ್ಲವೆಂಬುದು ಸರಿಯಾದ ಮಾತು. ಅದೇ ನಿಯಮದಿಂದ ಹಸೆಯೂ ಚಾತುರ್ಯಮಾತ್ರವಲ್ಲವೇ ಎಂದರೆ, ಅಲ್ಲ. ಚಿತ್ರಬಂಧವು ದೋಷಿಯಾಗುವುದು ಶಬ್ದವು ತನ್ನ ಸ್ವಧರ್ಮವಾದ ಅರ್ಥವನ್ನು ಬಿಟ್ಟು ಆಕಾರದ ಸೇವೆಗೆ ಹೋಗುವುದರಿಂದ. ರೇಖೆಗೆ ಅರ್ಥವನ್ನು ಹೇಳುವುದು ಸ್ವಧರ್ಮವೇ ಅಲ್ಲ. ಅದರ ಸ್ವಧರ್ಮವು ಅವಕಾಶವನ್ನು ಅಳೆಯುವುದು, ಹಂಚುವುದು, ಸಮತೂಕಕ್ಕೆ ತರುವುದು. ತನ್ನ ಧರ್ಮದಲ್ಲಿಯೇ ನಿಂತ ರೇಖೆಗೆ ಪರಧರ್ಮದ ನ್ಯಾಯವನ್ನು ಅನ್ವಯಿಸುವುದು ಯುಕ್ತವಲ್ಲ. ಜರ್ಮನಿಯ ತತ್ತ್ವಜ್ಞ ಕಾಂಟನು ೧೭೯೦ರಲ್ಲಿ ಬರೆದ ತನ್ನ ಸೌಂದರ್ಯವಿಚಾರದಲ್ಲಿ, ಏನನ್ನೂ ಪ್ರತಿನಿಧಿಸದ ಎಲೆಬಳ್ಳಿಯ ವಿನ್ಯಾಸಗಳನ್ನು ಸ್ವತಂತ್ರ ಸೌಂದರ್ಯದ ಉದಾಹರಣೆಯಾಗಿ ತೆಗೆದುಕೊಂಡುದನ್ನು ಇಲ್ಲಿ ನೆನೆಯಬಹುದು. ಆದರೆ ಕಾಂಟನ ಮಾತು ಹಸೆಗೆ ಪೂರ್ತಿಯಾಗಿ ಹೊಂದುವುದಿಲ್ಲ. ಹಸೆಯು ಸಂದರ್ಭದಿಂದ ಬಿಡಿಸಿಕೊಂಡ ಸೌಂದರ್ಯವಲ್ಲ. ಮದುವೆ, ಹಬ್ಬ, ಬೆಳಗಿನ ಜಾವ, ಇವೇ ಅದರ ಉಸಿರು.

ಮೂರನೆಯದು ಹೆಸರಿನ ಪ್ರಶ್ನೆ. ದೇಗಾಂವದ ಗುಡಿಯನ್ನು ಕಟ್ಟಿಸಿದವಳು ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ, ಶಿಲ್ಪಿಯು ತಿಪ್ಪೋಜ. ‘ಓಜ’ನೆಂಬ ಬಿರುದೇ ಉಪಾಧ್ಯಾಯನೆಂಬುದರ ತದ್ಭವವಾದುದರಿಂದ, ಕಲಿಸಬಲ್ಲವನಿಗೆ ಆ ಕಾಲದಲ್ಲಿ ದೊರೆತ ಗೌರವವು ವ್ಯಕ್ತವಾಗುತ್ತದೆ. ಆದರೆ ತಿಪ್ಪೋಜನು ಒಬ್ಬನೇ ಆ ಗುಡಿಯ ಕಂಬಗಳನ್ನೆಲ್ಲ ಕಡೆದು ನಿಲ್ಲಿಸಿರಲಾರನು. ಹೆಸರುಳಿದವನ ಹಿಂದೆ ಹೆಸರುಳಿಯದವರ ಗುಂಪೊಂದು ಗುಡಿಯಲ್ಲಿಯೂ ಉಂಟು. ಹೆಸರಿದ್ದಲ್ಲಿ ಕಲೆ, ಹೆಸರಿಲ್ಲದಲ್ಲಿ ಕಸಬು ಎಂದರೆ ಒಂದೇ ಗುಡಿಯ ಒಂದು ಕಂಬ ಕಲೆಯೂ ಇನ್ನೊಂದು ಕಂಬ ಕಸಬೂ ಆಗಬೇಕಾಗುತ್ತದೆ.

ಇಷ್ಟರಿಂದ ಎಲ್ಲೆಯೇ ಇಲ್ಲವೆಂದು ತೀರ್ಮಾನಿಸಿದರೆ ಅದು ಔದಾರ್ಯವಾದೀತು, ವಿಮರ್ಶೆಯಾಗದು. ಎಲ್ಲೆಯುಂಟು; ಅದು ಕಲ್ಲಿಗೂ ಬಟ್ಟೆಗೂ ನಡುವೆ ಇಲ್ಲ, ಗಂಡಿನ ಕೆಲಸಕ್ಕೂ ಹೆಣ್ಣಿನ ಕೆಲಸಕ್ಕೂ ನಡುವೆ ಇಲ್ಲ. ರಚಿಸುವ ಬುದ್ಧಿಯೂ ನೆರವೇರಿಸುವ ಕೈಯೂ ಬೇರ್ಪಟ್ಟೆಡೆಯಲ್ಲಿ ಆ ಗೆರೆಯು ಹುಟ್ಟುತ್ತದೆ. ಮಗ್ಗವು ಇದನ್ನು ಚೆನ್ನಾಗಿ ತೋರಿಸುತ್ತದೆ. ೧೮೦೪ರಲ್ಲಿ ಫ್ರಾನ್ಸಿನ ಜಕಾರ್ಡನು ಪ್ರಚಾರಕ್ಕೆ ತಂದ ಮಗ್ಗದಲ್ಲಿ ವಿನ್ಯಾಸವನ್ನು ಚೌಕುಳಿಯ ಕಾಗದದ ಮೇಲೆ ಒಬ್ಬನು ಬರೆಯುತ್ತಾನೆ, ಅದನ್ನು ನೋಡಿ ರಟ್ಟಿನ ಪಟ್ಟಿಗಳಿಗೆ ಇನ್ನೊಬ್ಬನು ರಂಧ್ರವಿಡುತ್ತಾನೆ, ಮೂರನೆಯವನು ನೇಯುತ್ತಾನೆ. ನೂಲಿನ ಬಿಗಿ ಸಡಿಲಗಳನ್ನು, ಬಣ್ಣದ ಒಪ್ಪವನ್ನು ಅರಿತ ನೇಕಾರನ ಜಾಣ್ಮೆ ಅಲ್ಲಿಯೂ ದೊಡ್ಡದೇ. ಆದರೆ ಇಲ್ಲಿ ನಿಲ್ಲಿಸಬೇಕು, ಇಲ್ಲಿ ತಿರುಗಿಸಬೇಕೆಂಬ ಅಧಿಕಾರವು ಅವನ ಕೈಬಿಟ್ಟು ಪಟ್ಟಿಯ ರಂಧ್ರಕ್ಕೆ ಸೇರಿದೆ. ಕಸಬೆಂಬುದು ಜಾಣ್ಮೆಯ ಕೊರತೆಯಲ್ಲ, ಅಧಿಕಾರದ ಕೊರತೆ.

ಕಸೂತಿಗೆ ಈಗ ಒದಗಿರುವ ಸಂಕಟವು ಇದೇ. ೨೦೦೬ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ರಕ್ಷಣೆ ದೊರೆಯಿತು. ಊರಿನ ಹೆಸರನ್ನು ಪರರು ಅಪಹರಿಸದಂತೆ ತಡೆಯುವ ಕಾಯಿದೆಯು ಸ್ವಾಗತಾರ್ಹವೇ. ಆದರೆ ಪೇಟೆಯ ಬೇಡಿಕೆಯು ಬಂದಂತೆ ಕಸೂತಿಯು ಎಳೆಯೆಣಿಸಲು ಬರುವ ಇಳಕಲ್ಲಿನ ಸೀರೆಯನ್ನು ಬಿಟ್ಟು ನುಣುಪಾದ ರೇಷ್ಮೆ ಮುಂತಾದ ಬಟ್ಟೆಗಳಿಗೂ ಹಬ್ಬಿತು. ಅಂತಹ ಬಟ್ಟೆಯ ಮೇಲೆ ಜಾಳಾದ ಕ್ಯಾನ್‌ವಾಸನ್ನು ಹಾಸಿ, ಅದರ ಕಣ್ಣುಗಳನ್ನೆಣಿಸಿ ಹೊಲಿದು, ಆಮೇಲೆ ಅದರ ಎಳೆಗಳನ್ನು ಎಳೆದು ತೆಗೆಯುವ ಉಪಾಯವೊಂದಿದೆ. ಅದರಲ್ಲಿ ಎಣಿಕೆಯು ಉಳಿಯುತ್ತದೆ. ಆದುದರಿಂದ ಕಸೂತಿಯೂ ಉಳಿಯುತ್ತದೆ. ಬಟ್ಟೆಯ ಮೇಲೆ ಅಚ್ಚಿನಿಂದ ವಿನ್ಯಾಸವನ್ನು ಇಳಿಸಿ, ಗೆರೆಯ ಮೇಲೆ ಸೂಜಿಯನ್ನು ನಡೆಸೆಂದು ಕೊಡುವುದು ಇನ್ನೊಂದು. ನೋಡುವವರಿಗೆ ಎರಡೂ ಒಂದೇ ಗೋಪುರ, ಒಂದೇ ತೇರು. ಆದರೆ ಎರಡನೆಯದರಲ್ಲಿ ತೇರನ್ನು ಕಂಡವರು ಬೇರೆ, ಎಳೆದವರು ಬೇರೆ. ಮನೆಯಲ್ಲಿ ಸೀರೆಯ ಒಡತಿಯಾಗಿ, ವಿನ್ಯಾಸದ ಒಡತಿಯೂ ಆಗಿ ಕುಳಿತಿದ್ದವಳು ಇಲ್ಲಿ ಹೊಲಿಗೆಯ ಲೆಕ್ಕದ ಕೂಲಿಯವಳಾಗುತ್ತಾಳೆ. ಕಸೂತಿಯು ಮೊದಲಿನಿಂದ ಕಸಬಾಗಿರಲಿಲ್ಲ. ಅಚ್ಚು ಬಂದ ದಿನ ಅದನ್ನು ಕಸಬಾಗಿ ಮಾಡಲಾಯಿತು.

ಹೀಗಿರುವಲ್ಲಿ ಅಲಂಕರಣದ ತಾರತಮ್ಯವನ್ನು ನಿರ್ಣಯಿಸಲು ವಿಮರ್ಶಕನಿಗೆ ಕೆಲವು ಪ್ರಮಾಣಗಳು ಬೇಕು. ಮೊದಲನೆಯದು ಮೂಲೆ. ಅಂಚು ನೇರವಾಗಿ ಹೋಗುವಷ್ಟು ದೂರ ಯಾರ ಕೈಯಾದರೂ ನಡೆದೀತು. ಮೂಲೆಯಲ್ಲಿ ತಿರುಗುವಾಗ ಎಣಿಕೆಯು ಕೂಡದಿದ್ದರೆ ಏನು ಮಾಡಬೇಕೆಂಬುದಕ್ಕೆ ಅಚ್ಚಿನಲ್ಲಿ ಉತ್ತರವಿರುವುದಿಲ್ಲ. ಅಲ್ಲಿ ಹೊಸ ಹೂವೊಂದನ್ನು ಕಲ್ಪಿಸಿ ಎರಡು ಅಂಚುಗಳನ್ನು ಒಪ್ಪಂದಕ್ಕೆ ತಂದವಳೇ ರಚಕಿ. ಎರಡನೆಯದು ಬಿಟ್ಟ ಜಾಗ. ಚಂದ್ರಕಾಳಿಯ ಕಪ್ಪು ನೆಲವು ಬಿಳಿಯ ದಾರದಷ್ಟೇ ಮಾತಾಡಬೇಕು. ನೆಲವನ್ನು ಉಸಿರಾಡಲು ಬಿಡದೆ ತುಂಬಿದುದು ಶ್ರಮವನ್ನು ತೋರಿಸೀತು, ಸೊಗಸನ್ನು ತೋರಿಸದು. ಮೂರನೆಯದು ಒಳಮೈ. ಕಸೂತಿಯ ಪ್ರಾಮಾಣ್ಯವು ಅಲ್ಲಿದೆ. ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಹೊರಮೈಯನ್ನು ಮಾತ್ರ ಕಾಣುವಂತೆ ಸೀರೆಯನ್ನು ಹರಡಿದಾಗ ಪ್ರೇಕ್ಷಕನಿಂದ ಮರೆಯಾಗುವುದು ಕೃತಿಯ ಅರ್ಧ ಭಾಗ. ಬುದ್ಧಿಯ ದೃಷ್ಟಿಯಿಂದ ಅದೇ ಹಿರಿಯ ಭಾಗ.

ಈ ಪ್ರಮಾಣಗಳನ್ನು ಸವದತ್ತಿಯ ಹಸೆಗಳಿಗೂ ಅನ್ವಯಿಸಬಹುದು. ಅನ್ವಯಿಸಿದಾಗ ಅವುಗಳ ಗುಣದ ಜೊತೆಗೆ ಮಿತಿಯೂ ಗೋಚರಿಸುತ್ತದೆ. ಕಲ್ಲಿಗೆ ಏರಿದ ಹಸೆಯು ಬೆಳಗ್ಗೆ ಮೂಡಿ ಸಂಜೆಗೆ ಅಳಿಯುವ ತನ್ನ ಸಹಜಧರ್ಮವನ್ನು ಕಳೆದುಕೊಂಡಿದೆ. ಅದರ ಮೇಲೆ ಯಾರೂ ಕುಳಿತುಕೊಳ್ಳುವುದಿಲ್ಲ. ಸಂದರ್ಭವು ಅದಕ್ಕೆ ತಪ್ಪಿದೆ. ಅದರ ಬದಲಿಗೆ ಅದಕ್ಕೆ ದೊರೆತುದು ನೆರೆ. ನೆಲದ ಹಸೆಯು ತನ್ನ ದಿನಕ್ಕೆ ಒಂಟಿ. ಗೋಡೆಯ ಹಸೆಗೆ ಅಕ್ಕಪಕ್ಕದಲ್ಲಿ ಇನ್ನೂರು ಬಂಧುಗಳಿದ್ದಾರೆ. ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದುವ ಅವಕಾಶವು ಅಲಂಕರಣಕ್ಕೆ ವಿರಳವಾಗಿ ಸಿಗುವ ಭಾಗ್ಯ. ಅಳಿಯುವ ಕಲೆಗೆ ವ್ಯಾಕರಣವೂ ಇದೆಯೆಂಬುದನ್ನು ಮಾಡಿದವರೇ ಬರೆದಿಟ್ಟ ಗ್ರಂಥವೆಂದು ಆ ಗೋಡೆಯನ್ನು ಎಣಿಸಬೇಕು.

ಆದುದರಿಂದಲೇ ಅದನ್ನು ಬಳಸುವ ರೀತಿಯಲ್ಲಿ ವಿವೇಕವು ಬೇಕಾಗಿದೆ. ಇನ್ನೂರು ವಿನ್ಯಾಸಗಳ ಪ್ರತಿಗಳನ್ನು ತೆಗೆದು, ಅಚ್ಚಿಗೆ ಅನುಕೂಲವಾದ ಮಾದರಿಪುಸ್ತಕವನ್ನು ಮಾಡಿ ಹಂಚುವುದು ಸುಲಭ. ಅದರಿಂದ ವಿನ್ಯಾಸಗಳು ಉಳಿದಾವು. ವಿನ್ಯಾಸ ಮಾಡುವ ಶಕ್ತಿಯು ಉಳಿಯಲಾರದು. ಪದ್ಯಗಳನ್ನು ಬಾಯಿಪಾಠ ಮಾಡಿಸಿ ಛಂದಸ್ಸನ್ನು ಕಲಿಸದ ಪಾಠಶಾಲೆಯಿಂದ ಕವಿಗಳು ಹೊರಬರುವುದಿಲ್ಲವೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ಹೇಳಬೇಕಾದುದಿಲ್ಲ. ಕಲಿಸಬೇಕಾದುದು ಎಣಿಕೆ, ದಾರಿ, ತಿರುವು. ಒಂದು ಹಸೆಯನ್ನು ಮುಂದಿಟ್ಟು ಅದರಿಂದ ಇನ್ನೂರೊಂದನೆಯದನ್ನು ಹುಟ್ಟಿಸುವ ಬಗೆ. ಕಲೆಯನ್ನು ಕಸಬಿನಿಂದ ಬೇರ್ಪಡಿಸುವ ಗೆರೆಯನ್ನು ಪಂಡಿತರು ಎಲ್ಲೆಲ್ಲಿಯೋ ಎಳೆದಿದ್ದಾರೆ. ಬೈಲಹೊಂಗಲದಿಂದ ರಾಮದುರ್ಗದವರೆಗಿನ ಹೆಣ್ಣುಮಕ್ಕಳು ಅದನ್ನು ಎಳೆದುಕೊಂಡಿರಲಿಲ್ಲ. ಅವರ ಕೈಗೆ ಅಚ್ಚನ್ನು ಕೊಡದೆ ಎಣಿಕೆಯ ಅಧಿಕಾರವನ್ನು ಉಳಿಸಿಕೊಟ್ಟರೆ ಆ ಗೆರೆಯನ್ನು ಎಳೆಯುವ ಪ್ರಸಂಗವೇ ಬಾರದು.